ನೀರು ಕುಡಿದ ಉಕ್ಕು

ಮದ್ದೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ಬೋಲ್ಟು, ಪೈಪು, ಬಣ್ಣ ಎಲ್ಲ ಮಾರುತ್ತೇನೆ. ಆದರೆ ವೆಲ್ಡಿಂಗ್ ರಾಡ್ ಕೇಳಿಕೊಂಡು ಬರುವವರನ್ನು ಕಂಡರೆ ಬೆಳಗ್ಗೆಬೆಳಗ್ಗೆಯೇ ನನ್ನ ತಲೆ ಕೆಡುತ್ತದೆ. "ಒಂದ್ ಪ್ಯಾಕೆಟ್ ರಾಡ್ ಕೊಡಣ್ಣ" ಅನ್ನುತ್ತಾರೆ. ಯಾವ ರಾಡಯ್ಯಾ ಎಂದರೆ "ಯಾವ್ದಾದ್ರೂ ಕೊಡು, ಅಂಟ್ಕಂಡ್ರೆ ಸಾಕು" ಅನ್ನುತ್ತಾರೆ. ಔಷಧಿ ಅಂಗಡಿಗೆ ಹೋಗಿ ಯಾವುದಾದರೂ ಒಂದು ಮಾತ್ರೆ ಕೊಡಿ ಎಂದು ಕೇಳುವವರುಂಟೆ? ಹಾಗೆ ಕೇಳಿದವರನ್ನು ಬೈದು ವಾಪಸ್ಸು ಕಳಿಸಿದ್ದೂ ಉಂಟು. ವ್ಯಾಪಾರಕ್ಕೆ ಕೂತವನಿಗೆ ಮೂಗಿನ ತುದಿಯಲ್ಲಿ ಕೋಪ ಇರಬಾರದು ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ಇರಬಾರದು ನಿಜ. ಇದೆಯಲ್ಲ, ಏನು ಮಾಡಲಿ.

ನನ್ನ ಕೈಲಿ ಬೈಸಿಕೊಳ್ಳದೆ ರಾಡ್ ಒಯ್ಯುತ್ತಿದ್ದವನು ಆತಗೂರಿನ ಹುಚ್ಚೀರಯ್ಯ ಒಬ್ಬನೇ. ನನಗಿಂತ ಹಿರಿಯ. ಪಂಚೆ ಉಟ್ಟು, ಕಿಡಿ ಬಿದ್ದು ಬಿದ್ದು ಜರಡಿಯಾದ ಖಾಕಿ ಅಂಗಿ ತೊಟ್ಟು ಬರುತ್ತಿದ್ದ. ಬಂದವನು ಚೀಲದಿಂದ ಮುರಿದ ತುಂಡೊಂದನ್ನು ತೆಗೆದು ನನ್ನ ಮುಂದಿಟ್ಟು, "ಇದ್ರ ಜಾತಿ ಯಾವ್ದು ಏಳು ಸಿವರಾಜ" ಎನ್ನುತ್ತಿದ್ದ. ನಾನೊಂದು ಹೇಳುತ್ತಿದ್ದೆ, ಅವನೊಂದು ಹೇಳುತ್ತಿದ್ದ. ಜಗಳ ಹತ್ತುತ್ತಿತ್ತು. ಪಕ್ಕದ ಹೋಟೆಲಿನಿಂದ ಟೀ ತರಿಸಿ ಕುಡಿಯುತ್ತ ಅದೇ ಜಗಳ ಮುಂದುವರಿಸುತ್ತಿದ್ದೆವು. ಒಮ್ಮೊಮ್ಮೆ ಅವನದು ಸರಿ, ಒಮ್ಮೊಮ್ಮೆ ನನ್ನದು.

ಅವನದು ಬೇಸಾಯದ ಮನೆ. ಅಣ್ಣಂದಿರು ಗದ್ದೆ ನೋಡಿಕೊಂಡರು. ಇವನು ಮೀಸೆ ಮೂಡುವ ಮೊದಲೇ ಮಳವಳ್ಳಿಗೆ ಹೋಗಿ ಕಬ್ಬಿನ ಗಾಣ ರಿಪೇರಿ ಮಾಡುವ ಶೆಡ್ಡೊಂದನ್ನು ಸೇರಿಕೊಂಡ. ಗೌಡರ ಮನೆಯಲ್ಲಿ ಹುಟ್ಟಿ ಕಬ್ಬಿಣ ಕಾಯಿಸಲು ಹೋದನಲ್ಲ ಎಂದು ನೆಂಟರು ಮೂಗು ಮುರಿದರಂತೆ. ಆಲೆಮನೆಯ ಗಾಣದ ಉರುಳೆಗಳು ಬೀಡು ಕಬ್ಬಿಣದವು. ಬೀಡಿನಂಥ ಹಟಮಾರಿ ಇನ್ನೊಂದಿಲ್ಲ. ಬೇಗ ಕಾಯಿಸಿದರೂ ಬಿರಿಯುತ್ತದೆ, ಬೇಗ ಆರಿಸಿದರೂ ಬಿರಿಯುತ್ತದೆ. ಅದಕ್ಕೆ ನಿಕ್ಕಲ್ ರಾಡೇ ಆಗಬೇಕು. ಬೆರಳುದ್ದ ಬೆಸೆದು ನಿಲ್ಲಿಸಬೇಕು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು, ಮತ್ತೆ ಬೆರಳುದ್ದ ಬೆಸೆಯಬೇಕು, ಕೊನೆಗೆ ಬೂದಿಯಲ್ಲಿ ಹೂತು ತಾನಾಗಿ ತಣಿಯಲು ಬಿಡಬೇಕು. ಈ ತಾಳ್ಮೆ ಅವನಿಗೆ ಮಳವಳ್ಳಿಯಲ್ಲಿ ಬಂತು. ಮದುವೆಯಾದ ಮೇಲೆ ಆತಗೂರಿಗೆ ಮರಳಿ ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡ.

ಅವನ ಕೆಲಸ ನೋಡುವುದೇ ಒಂದು ಚೆಂದ. ತಂದ ವಸ್ತುವಿಗೆ ಮೊದಲು ಅಯಸ್ಕಾಂತ ಹಿಡಿಯುತ್ತಿದ್ದ. ಆಮೇಲೆ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಡುತ್ತಿದ್ದ. ಆಮೇಲೆ ಗ್ರೈಂಡರಿಗೆ ಮುಟ್ಟಿಸಿ ಕಿಡಿ ನೋಡುತ್ತಿದ್ದ. ಉದ್ದವಾಗಿ ಹಾರುವ ಹಳದಿ ಕಿಡಿಯಾದರೆ ಮೆದು ಕಬ್ಬಿಣ, ಕಿಟಕಿ ಸರಳು, ಗೇಟು, ಅಂಥವು. ಅದಕ್ಕೆ ಮಾಮೂಲಿ ರಾಡ್ ಸಾಕು. ಕೆಂಪಗೆ ಮೋಟಾಗಿ ಬಿದ್ದರೆ ಬೀಡು. ಕಿಡಿ ಕವಲೊಡೆದು ಹೂವಿನಂತೆ ಸಿಡಿದರೆ ಗಟ್ಟಿ ಉಕ್ಕು, ಲಾರಿಯ ಸ್ಪ್ರಿಂಗ್ ಪಟ್ಟೆ, ಗಾಲಿಯ ಅಚ್ಚು, ಟ್ರೈಲರಿನ ಕೊಂಡಿ. ಅಲ್ಲಿಗೆ ಅವನ ಮುಖ ಗಂಭೀರವಾಗುತ್ತಿತ್ತು. ಗಟ್ಟಿ ಉಕ್ಕಿಗೆ ಅವನು ಬಳಸುತ್ತಿದ್ದುದು ನಾವು ಸೆವೆಂಟಿ ಏಟೀನ್ ಎನ್ನುವ ರಾಡನ್ನು. ಅದಕ್ಕೆ ತೇವ ಆಗಿಬರುವುದಿಲ್ಲ. ನಾಲೆ ಬಯಲಿನ ಗಾಳಿಯಲ್ಲಿ ತೇವಕ್ಕೇನು ಬರ? ಅದಕ್ಕೇ ಅವನು ಒಂದು ತಗಡಿನ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಆ ರಾಡುಗಳನ್ನು ಸದಾ ಬೆಚ್ಚಗಿಡುತ್ತಿದ್ದ. ಬಾಣಂತಿ ಕೂಸಿಗೂ ಇಷ್ಟು ಆರೈಕೆ ಇಲ್ಲ ಕಣಣ್ಣ ಎಂದು ನಾನು ಚುಡಾಯಿಸುತ್ತಿದ್ದೆ.

ಹೆಂಡತಿ ಬೇಗ ತೀರಿಕೊಂಡಳು. ಉಳಿದವಳು ಒಬ್ಬಳೇ ಮಗಳು, ವೀಣ. ಅವಳನ್ನು ಅವನು ಶೆಡ್ಡಿನ ಹತ್ತಿರ ಬಿಟ್ಟುಕೊಂಡವನೇ ಅಲ್ಲ. "ಕಣ್ ಓಯ್ತದೆ, ಒಳೀಕ್ ನಡಿ" ಎಂದು ಗದರುತ್ತಿದ್ದ. ಹಾಗಾಗಿ ವೀಣ ಅಪ್ಪನ ಕೆಲಸವನ್ನೆಲ್ಲ ಹಿತ್ತಲ ಬಾಗಿಲಿಂದ ಅರ್ಧಂಬರ್ಧ ನೋಡಿಯೇ ಬೆಳೆದಳು. ಕಿಟಕಿ ಸರಳು ಬೆಸೆದು ಅಪ್ಪ ಅದನ್ನು ನೀರಿನ ತೊಟ್ಟಿಗೆ ಚುಸ್ಸೆಂದು ಅದ್ದುವುದನ್ನು ಅವಳು ನೋಡಿದ್ದಳು. ಮೆದು ಕಬ್ಬಿಣಕ್ಕೆ ಅದರಿಂದ ಏನೂ ಆಗುವುದಿಲ್ಲ, ಕೆಲಸ ಬೇಗ ಆಗುತ್ತದೆ ಅಷ್ಟೆ. ಊರ ಕುಲುಮೆಯಲ್ಲಿ ನೇಗಿಲ ಗುಳ ಕಾಸಿ ತಟ್ಟಿ ನೀರು ಕುಡಿಸುವುದನ್ನೂ ನೋಡಿದ್ದಳು. ನೀರು ಕುಡಿದರೆ ಗುಳ ಗಟ್ಟಿಯಾಗುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಗುಳದ ಮಟ್ಟಿಗೆ ಅದು ನಿಜವೂ ಹೌದು.

ವೀಣಳನ್ನು ಮಂಡ್ಯ ತಾಲ್ಲೂಕಿನ ಕೊತ್ತತ್ತಿಗೆ ಕೊಟ್ಟರು. ಅಳಿಯ ಮಹದೇವ. ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ನಗುಮುಖದ ಹುಡುಗ. ಮನೆಯಲ್ಲಿ ತಾಯಿ ಚಿಕ್ಕನಂಜಮ್ಮ, ಮಗ, ಸೊಸೆ, ಮೂವರೇ. ಹುಚ್ಚೀರಯ್ಯ ನನ್ನ ಅಂಗಡಿಗೆ ಬಂದಾಗಲೆಲ್ಲ ಅಳಿಯನ ಸುದ್ದಿ ಎತ್ತುತ್ತಿದ್ದ. ಬೀಗರ ಮನೆ ಊಟ ಹೊಗಳಿ ಹೊಗಳಿ ನನ್ನ ಹೊಟ್ಟೆ ಉರಿಸುತ್ತಿದ್ದ.

ಕಬ್ಬು ಕಟಾವಿನ ಕಾಲದಲ್ಲಿ ಮಹದೇವನ ಟ್ರೈಲರಿನ ಕೊಂಡಿ ಬಿರುಕು ಬಿಟ್ಟಿತು. ಟ್ರ್ಯಾಕ್ಟರಿಗೆ ಟ್ರೈಲರನ್ನು ಸಿಕ್ಕಿಸುವ ಆ ಉಕ್ಕಿನ ಬಳೆಯ ಮೇಲೇ ಹೇರಿನ ಭಾರವೆಲ್ಲ ನಿಲ್ಲುವುದು. ಹುಚ್ಚೀರಯ್ಯ ತನ್ನ ಮಿಷನ್ನು, ಬಿಸಿ ರಾಡು ಎಲ್ಲ ಆಟೋದಲ್ಲಿ ಹಾಕಿಕೊಂಡು ಕೊತ್ತತ್ತಿಗೆ ಹೋದ. ಗ್ಯಾಸಿನ ಉರಿಯಲ್ಲಿ ಕೊಂಡಿಯನ್ನು ಹದವಾಗಿ ಕಾಯಿಸಿ, ಬಿರುಕನ್ನು ಬುಡದವರೆಗೂ ಕೆತ್ತಿ, ಬೆಸೆದು, ಮೇಲೆ ಆಲೆಮನೆಯ ಬೂದಿ ಗುಡ್ಡೆ ಹಾಕಿದ. "ಸಂಜೆಗಂಟ ಇದ್ನ ಮುಟ್ಬ್ಯಾಡ ಕಣಪ್ಪ" ಎಂದು ಅಳಿಯನಿಗೆ ಹೇಳಿ, ಊಟ ಮಾಡಿ, ಹೊರಟುಬಂದ. ಯಾಕೆ ಮುಟ್ಟಬಾರದು ಎಂದು ಅವನು ಹೇಳಲಿಲ್ಲ, ಅಳಿಯನೂ ಕೇಳಲಿಲ್ಲ.

ಅಂದೇ ಮಧ್ಯಾಹ್ನ ಹೇರು ತುಂಬಿಕೊಂಡು ನಾಲೆ ಏರಿಯಿಂದ ಇಳಿಯುವಾಗ ಕೊಂಡಿ ಮುರಿಯಿತು. ಕಬ್ಬು ತುಂಬಿದ ಟ್ರೈಲರ್ ಹಿಂದಿನಿಂದ ನುಗ್ಗಿ ಟ್ರ್ಯಾಕ್ಟರನ್ನು ನಾಲೆಗೆ ಮಗುಚಿತು. ಮಹದೇವ ಅದರಡಿ ಸಿಕ್ಕಿಕೊಂಡ. ಊರವರು ಎತ್ತುವಷ್ಟರಲ್ಲಿ ಉಸಿರಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ವೀಣ ಗೋಡೆಗೊರಗಿ ಕೂತಿದ್ದಳು. ಅಪ್ಪ ಎದುರಿಗಿದ್ದ. ನಾನು ಬಾಗಿಲ ಬಳಿ ಇದ್ದೆ. ಅವಳು ಅಳುತ್ತಿರಲಿಲ್ಲ, ಮಾತಾಡುತ್ತಿದ್ದಳು.

"ಅವ್ರಿಗೆ ಒತ್ತಾಯ್ತಿತ್ತು ಕಣಪ್ಪ. ಕಬ್ಬು ಕಡ್ಯೋರು ಪೋನ್ ಮೇಲ್ ಪೋನ್ ಮಾಡ್ತಿದ್ರು. ಕೊಂಡಿ ಇನ್ನೂವೆ ಕೆಂಡದಂಗೆ ಕಾದಿತ್ತು. ನಾನೇ ಬೂದಿ ಎಳ್ದು, ನೀರು ಉಯ್ದು, ತಣ್ಣಗ್ ಮಾಡ್ಕೊಟ್ಟೆ. ಬೆಸ್ಗೆಯವ್ರ ಮಗಳಲ್ವಾ ಅಂತ ನಗಾಡ್ಕಂಡು ಓದ್ರು. ನಾ ಅವ್ರಿಗೆ ಮಾಡ್ಕೊಟ್ಟ ಕೊನೇ ಕೆಲ್ಸ ಅದೇಯ."

ಹುಚ್ಚೀರಯ್ಯನ ಮುಖ ನಾನು ನೋಡಿದೆ. ಅದರಲ್ಲಿ ರಕ್ತವೇ ಇರಲಿಲ್ಲ. ಯಾಕೆಂದು ನನಗೂ ಹೊಳೆಯಿತು. ರಾಡ್ ಮಾರುವವನಿಗೆ ಅಷ್ಟಾದರೂ ಗೊತ್ತಿರುತ್ತದೆ. ಅವನು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಚಿಕ್ಕನಂಜಮ್ಮ ತಲೆ ಕೆದರಿಕೊಂಡು ಬಂದು ಅವನ ಮುಂದೆ ನಿಂತಳು.

"ನಿನ್ ಮನೆ ಆಳಾಗೋಗ! ಮಾವ ಅಂತ ನಂಬಿ ಮಾಡುಸ್ದ ನನ್ ಮಗ. ನಿನ್ ಬೆಸ್ಗೆ ನನ್ ಮಗನ್ನ ನುಂಗ್ಬುಡ್ತಲ್ಲೋ! ಯಾವ್ ಕಳ್ಳ ಕೆಲ್ಸ ಮಾಡ್ದೆ? ಏಳು!"

ಹುಚ್ಚೀರಯ್ಯ ಮಗಳ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ಔದು ಕಣಮ್ಮ, ತಪ್ಪು ನಂದೇಯ" ಎಂದ.

ಅಷ್ಟು ಜನ ಅದನ್ನು ಕೇಳಿಸಿಕೊಂಡರು. ಮರುದಿನಕ್ಕೆ ಮಂಡ್ಯದಿಂದ ಮದ್ದೂರಿನವರೆಗೆ ಆ ಮಾತು ಹರಡಿತು. ಪೊಲೀಸರು ಬಂದು ಹೋದರು. ಹೇರು ಜಾಸ್ತಿಯಾಗಿ ಆದ ಅಪಘಾತ ಎಂದು ಅವರ ಕಡೆಯಿಂದ ಮುಗಿಯಿತು. ಊರಿನ ಕಡೆಯಿಂದ ಮುಗಿಯಲಿಲ್ಲ. ಅಳಿಯನನ್ನೇ ಕೊಂದ ಬೆಸುಗೆ ಎಂದು ಜನ ಅವನ ಶೆಡ್ಡು ದಾಟಿಕೊಂಡು ಮುಂದಿನ ಊರಿಗೆ ಹೋಗತೊಡಗಿದರು.

ಕೆಲವು ದಿನ ಕಳೆದು ಅವನು ನನ್ನ ಅಂಗಡಿಗೆ ಬಂದ. ಎಂದಿನಂತೆ ಚೀಲದಿಂದ ಒಂದು ತುಂಡು ತೆಗೆದು ಮುಂದಿಟ್ಟ. ಜಾತಿ ಯಾವುದು ಎಂದು ಕೇಳಲಿಲ್ಲ. ಅದು ಆ ಕೊಂಡಿಯ ತುಂಡು. ನಾನು ಕೈಗೆತ್ತಿಕೊಂಡು ನೋಡಿದೆ. ಬೆಸುಗೆ ಹಾಗೇ ಇತ್ತು, ಒಂದು ಎಳೆ ಬಿಟ್ಟಿರಲಿಲ್ಲ. ಮುರಿದದ್ದು ಬೆಸುಗೆಯ ಪಕ್ಕದಲ್ಲಿ, ಕಾದ ಉಕ್ಕಿನಲ್ಲಿ. ಮುರಿದ ಬಾಯಿ ಕಲ್ಲುಸಕ್ಕರೆ ಒಡೆದಂತೆ ಫಳಫಳ ಹೊಳೆಯುತ್ತಿತ್ತು. ಕಾದ ಗಟ್ಟಿ ಉಕ್ಕಿಗೆ ಒಮ್ಮೆಲೇ ನೀರು ಬಿದ್ದರೆ ಅದು ಗಟ್ಟಿಯೇನೋ ಆಗುತ್ತದೆ, ಆದರೆ ಗಾಜಿನ ಬಳೆಯ ಹಾಗೆ ಗಟ್ಟಿ. ಬಾಗುವುದಿಲ್ಲ, ಮುರಿಯುತ್ತದೆ.

"ಬೆಸ್ಗೆ ಬುಟ್ಟಿಲ್ಲ ಸಿವರಾಜ" ಎಂದ.

"ಗೊತ್ತಾಯ್ತದೆ ಕಣಣ್ಣ. ಮತ್ತೆ ಅಲ್ಯಾಕೆ ನಂದೇ ತಪ್ಪು ಅಂದೆ? ನಿಂಗೇನ್ ಬುದ್ಧಿಗಿದ್ದಿ ಕೆಟ್ಟದಾ? ನಡಿ, ಈ ತುಂಡು ತಕ್ಕೊಂಡು ಈಗ್ಲೇ ಕೊತ್ತತ್ತಿಗೋಗವ. ನಾನು ಏಳ್ತೀನಿ ಎಲ್ರಿಗೂ."

"ಏನಂತ ಏಳೀಯೆ? ಮಾದೇವ್ನ ಎಂಡ್ತಿ ನೀರು ಉಯ್ದು ಸಾಯ್ಸುದ್ಲು ಅಂತ್ಲಾ?"

ನಾನು ತುಂಡನ್ನು ಕೆಳಗಿಟ್ಟೆ.

"ಗಂಡನ್ಗೆ ಕೊನೇದಾಗಿ ಒಂದ್ ಒಳ್ಳೇ ಕೆಲ್ಸ ಮಾಡ್ಕೊಟ್ಟೆ ಅನ್ನೋದೊಂದೇ ಕಣ್ಲಾ ಅವ್ಳ ತಾವ ಉಳ್ದಿರೋದು. ಅದ್ನೂ ಕಿತ್ಕಂಡ್ರೆ ಅವ್ಳು ಉಳೀತಾಳಾ? ನನ್ ಎಸ್ರು ಓದ್ರೆ ಓಯ್ತದೆ, ಬುಡು. ನೀನು ಬಾಯ್ ಬುಡ್ಬ್ಯಾಡ."

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೋ, ಆ ಚಿಕ್ಕನಂಜಮ್ಮನ ಮೇಲೋ, ಕಬ್ಬು ಕಡಿಯುವವರ ಫೋನಿನ ಮೇಲೋ ತಿಳಿಯದು. ಬೈದೆ. ಅವನು ಬೈಸಿಕೊಂಡ. ಕೊನೆಗೆ ನಾನು ಮಾತು ಕೊಟ್ಟೆ. ಆ ತುಂಡನ್ನು ಅವನೇ ನನ್ನ ಗುಜರಿ ಮೂಟೆಗೆ ಎಸೆದು ಬಸ್ಸಿಗೆ ಹೋದ.

ವೀಣ ತವರಿಗೆ ಬಂದಳು. ಮಕ್ಕಳಾಗಿರಲಿಲ್ಲ. ಒಂದು ದಿನ ಅಪ್ಪನಿಗಾಗಿ ರಾಡ್ ಒಯ್ಯಲು ನನ್ನ ಅಂಗಡಿಗೆ ಅವಳೇ ಬಂದಳು. ಟೀ ಕುಡಿಯುತ್ತ, "ಎಲ್ರೂ ನಮ್ಮಪ್ಪನ್ನ ಬೈತಾರೆ ಕಣಣ್ಣ. ನಂಗ್ಯಾಕೋ ಸಿಟ್ಟೇ ಬರಾಕಿಲ್ಲ. ಬೇಕಂತ ಮಾಡ್ತಾನಾ? ಕೈ ತಪ್ಪಿ ಆಯ್ತು. ನಾನು ಅವತ್ತೇ ಮನ್ಸಲ್ಲೇ ಮಾಪ್ ಮಾಡ್ಬುಟ್ಟೆ" ಎಂದಳು. ಒಳಗೆ ಹೋಗಿ ರಾಡ್ ಹುಡುಕುವ ನೆಪದಲ್ಲಿ ನಾನು ಗೋಡೆ ಕಡೆ ಮುಖ ಮಾಡಿ ನಿಂತುಕೊಂಡೆ. ಕೊಟ್ಟ ಮಾತು ನನಗೆ ಅಷ್ಟು ಭಾರವಾದದ್ದು ಅದೇ ಮೊದಲು.

ಹೀಗೇ ನಡೆದುಹೋಗಿದ್ದರೆ ಹುಚ್ಚೀರಯ್ಯ ಆ ಮಾತನ್ನು ತನ್ನ ಜೊತೆಗೇ ಮಣ್ಣಿಗೆ ಒಯ್ಯುತ್ತಿದ್ದ. ಆದರೆ ಅವನ ಕಣ್ಣು ಮಸುಕಾಗತೊಡಗಿತು. ಬೆಸುಗೆಯ ಗೆರೆ ಹಾವಿನಂತೆ ಅಂಕುಡೊಂಕು ಬರುತ್ತಿತ್ತು. ಆಗ ವೀಣ, "ನಂಗೆ ಕಲ್ಸಪ್ಪ" ಎಂದಳು. ಅವನು ಬೇಡವೆಂದ. ಅವಳು ಬಿಡಲಿಲ್ಲ. ಅಪ್ಪನ ಮುಖದ ಗಾಜು ತಾನೇ ಕಟ್ಟಿಕೊಂಡು ಹರಕು ತಗಡಿನ ಮೇಲೆ ಗೆರೆ ಎಳೆಯಲು ಶುರು ಮಾಡಿದಳು.

ಕೈ ಸ್ಥಿರವಾಗಿತ್ತು. ಅವನು ಕಲಿಸಿದ. ಸ್ಟೀಲ್ ಪಾತ್ರೆ, ಸ್ಟೀಲ್ ಟ್ಯಾಂಕಿಗೆ ಯಾವ ರಾಡು, ಸ್ಟೀಲನ್ನು ಕಬ್ಬಿಣಕ್ಕೆ ಬೆಸೆಯುವಾಗ ಯಾವುದು, ಬೀಡಿಗೆ ನಿಕ್ಕಲ್ ಯಾಕೆ, ಕರೆಂಟು ಎಷ್ಟು ಇಡಬೇಕು, ರಾಡಿನ ಮೇಲಿನ ಪುಡಿ ಉದುರಿದ್ದರೆ ಯಾಕೆ ಎಸೆಯಬೇಕು, ಎಲ್ಲ. ಗ್ರೈಂಡರಿನ ಕಿಡಿ ನೋಡಿ ಲೋಹ ಹೇಳುವುದನ್ನು ಅವಳು ಒಂದು ಮಳೆಗಾಲದೊಳಗೆ ಕಲಿತಳು. ಹೆಂಗಸು ಬೆಸೆಯುತ್ತಾಳಂತೆ ಎಂದು ನೋಡಲು ಬಂದವರು ನಿಧಾನವಾಗಿ ಕೆಲಸವನ್ನೂ ತರತೊಡಗಿದರು.

ಒಂದು ಪಾಠ ಮಾತ್ರ ಅವನು ಕಲಿಸಲಿಲ್ಲ. ಕಾದ ಗಟ್ಟಿ ಉಕ್ಕಿಗೆ ನೀರು ಹಾಕಬಾರದು ಎಂಬ ಪಾಠ. ಅದನ್ನು ಹೇಳಿದ ಕ್ಷಣ ಅವಳಿಗೆ ಎಲ್ಲ ತಿಳಿಯುತ್ತದೆ. ಹೇಳದಿದ್ದರೆ ಎಂದಾದರೂ ಅವಳ ಕೈಯಿಂದ ಇನ್ನೊಬ್ಬರ ಮನೆ ದೀಪ ಆರುತ್ತದೆ. ನನ್ನ ಹತ್ತಿರ ಬಂದಾಗೆಲ್ಲ ಅವನಿಗೆ ಇದೇ ಚಿಂತೆ.

ಅದಕ್ಕೆ ಅವನು ಒಂದು ಉಪಾಯ ಹೂಡಿದ್ದ. ಕರೆಂಟು ಹೊಡೆಯುತ್ತದೆ ಎಂಬ ನೆಪ ಹೇಳಿ ಶೆಡ್ಡಿನ ನೀರಿನ ತೊಟ್ಟಿಯನ್ನೇ ಒಡೆದುಹಾಕಿದ. ಪಟ್ಟೆ, ಅಚ್ಚು, ಕೊಂಡಿ ಹಿಡಿದುಕೊಂಡು ಬಂದವರನ್ನು, "ಅದು ನಮ್ ತಾವ ಆಗಾಕಿಲ್ಲ, ಮದ್ದೂರ್ಗೋಗಿ" ಎಂದು ಸಾಗಹಾಕುತ್ತಿದ್ದ. ಕೊತ್ತತ್ತಿಯ ಆ ಕೆಲಸದಿಂದ ಅಪ್ಪನ ಧೈರ್ಯ ಉಡುಗಿದೆ ಎಂದುಕೊಂಡು ವೀಣ ಸುಮ್ಮನಿರುತ್ತಿದ್ದಳು.

"ಎಷ್ಟ್ ದಿನ ಇಂಗೆ ಬಚ್ಚಿಡ್ತೀಯಣ್ಣ? ನೀನ್ ಸತ್ ಮ್ಯಾಲೆ ಅವ್ಳು ಮಾಡಾಕಿಲ್ವಾ?" ಎಂದು ನಾನು ರೇಗಿದ್ದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ.

"ಏಳ್ತೀನಿ ಕಣ್ಲಾ. ಏಳ್ಲೇಬೇಕು. ಬಾಯಿಗ್ ಬತ್ತದೆ, ಅವ್ಳ್ ಮಕ ನೋಡುದ್ರೆ ಇಳ್ದೋಯ್ತದೆ" ಎಂದಿದ್ದ.

ಕಳೆದ ವರ್ಷ ಕಟಾವಿನ ಕಾಲದಲ್ಲಿ ಅವನ ಕಣ್ಣು ತೋರಿಸಲು ನಾನೇ ನನ್ನ ಗೂಡ್ಸ್ ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಪೊರೆ ಬಂದಿದೆ, ತೆಗೆಯಬೇಕು, ಇನ್ನು ಬೆಂಕಿ ನೋಡಬೇಡಿ ಎಂದರು. ಆತಗೂರಿಗೆ ವಾಪಸ್ಸು ಬಂದಾಗ ಬಿಸಿಲು ಇಳಿಯುತ್ತಿತ್ತು. ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ನಿಂತಿತ್ತು, ಹಿಂದೆ ಖಾಲಿ ಟ್ರೈಲರ್. ಯಲಿಯೂರಿನ ದೊಡ್ಡಸಿದ್ದಯ್ಯ ಎಂಬ ರೈತ ಕೊಂಡಿ ಬೆಸೆಸಲು ಬಂದಿದ್ದ. ನೆಂಟರ ಹೊಲದಿಂದ ಕಬ್ಬು ಹೇರಲು ಈ ಕಡೆ ಬಂದವನಂತೆ. ಅಪ್ಪ ಇಲ್ಲದ್ದರಿಂದ ಇಲ್ಲವೆನ್ನಲು ಮನಸ್ಸು ಬಾರದೆ ವೀಣ ಒಪ್ಪಿಕೊಂಡಿದ್ದಳು. ಕೊಂಡಿಯನ್ನು ಸರಿಯಾಗಿ ಕಾಯಿಸಿದ್ದಳು. ಬೆಚ್ಚನೆಯ ಪೆಟ್ಟಿಗೆಯಿಂದ ಸರಿಯಾದ ರಾಡನ್ನೇ ತೆಗೆದಿದ್ದಳು. ಬೆಸುಗೆ ಒಂದು ಕುಂದಿಲ್ಲದೆ ಕೂತಿತ್ತು.

"ಬ್ಯಾಗ ನೀರು ಉಯ್ಯವ್ವ, ಆಳ್ಗೋಳು ಕಾಯ್ತಾ ಕುಂತವ್ರೆ" ಎಂದು ದೊಡ್ಡಸಿದ್ದಯ್ಯ ಅವಸರ ಮಾಡುತ್ತಿದ್ದ. ವೀಣ ಮನೆಯಿಂದ ಬಿಂದಿಗೆ ತಂದು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

ಆಟೋ ಇನ್ನೂ ನಿಂತಿರಲಿಲ್ಲ. ಹುಚ್ಚೀರಯ್ಯ ಧುಮುಕಿದ.

"ಉಯ್ಬ್ಯಾಡ! ಉಯ್ಬ್ಯಾಡ ಕಣವ್ವಾ!"

ಮಂಜುಗಣ್ಣಿನವನು ಹೇಗೆ ಓಡಿದನೋ. ಬಿಂದಿಗೆಗೆ ಕೈ ಹಾಕಿ ಕಿತ್ತುಕೊಂಡ. ನೀರೆಲ್ಲ ಅವನ ಪಂಚೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಕೊಂಡಿಗೆ ಒಂದು ಹನಿಯೂ ಬೀಳಲಿಲ್ಲ.

"ಯಾಕಪ್ಪ? ಏನಾಯ್ತು?" ವೀಣ ಬೆದರಿ ಕೇಳಿದಳು.

ಅವನು ಬಿಂದಿಗೆ ಕೆಳಗಿಟ್ಟ. ನನ್ನ ಕಡೆ ತಿರುಗಿದ. ನಾನು ಬೇಕೆಂದೇ ಸುಮ್ಮನಿದ್ದೆ. ಏನಾದರೂ ನೆಪ ಹೇಳಲು ಅವನಿಗೆ ಆಗಲೂ ಅವಕಾಶವಿತ್ತು. ದೊಡ್ಡಸಿದ್ದಯ್ಯನ ಟ್ರೈಲರನ್ನೊಮ್ಮೆ ನೋಡಿದ. ಆಮೇಲೆ ಹೇಳಿದ.

"ಗಟ್ಟಿ ಉಕ್ಕು ಕಣವ್ವ ಇದು. ಕಾದಾಗ ನೀರು ಕುಡುದ್ರೆ ಸೀಳೋಯ್ತದೆ. ಈಗ ಕಾಣಾಕಿಲ್ಲ. ಏರು ಬಿದ್ ಮ್ಯಾಲೆ ಮುರೀತದೆ."

ವೀಣ ಅಪ್ಪನನ್ನೇ ನೋಡುತ್ತ ನಿಂತಳು. ಕೊಂಡಿಯನ್ನು ನೋಡಿದಳು. ನೆಲದ ಮೇಲಿನ ನೀರನ್ನು ನೋಡಿದಳು. ಅವಳಿಗೆ ತಿಳಿಯುತ್ತಿರುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ಅಂಥದ್ದನ್ನು ಯಾವ ಅಪ್ಪನೂ ನೋಡಬಾರದು.

"ಅವತ್ತು ನಾನು ಉಯ್ದಿದ್ದೆ" ಎಂದಳು.

"ನಾನು ಏಳಿರ್ನಿಲ್ಲ ಕಣವ್ವ. ಮುಟ್ಬ್ಯಾಡಿ ಅಂದೆ, ಯಾಕೆ ಅಂತ ಏಳ್ನಿಲ್ಲ. ನಿಂಗೂ ಕಲಿಸ್ನಿಲ್ಲ, ಅವುಂಗೂ ಏಳ್ನಿಲ್ಲ."

"ನಿಂಗೊತ್ತಿತ್ತಾ?"

"ಗೊತ್ತಿತ್ತು."

"ಅತ್ತೆ ಅಷ್ಟ್ ಜನದ್ ಮುಂದೆ ನಿನ್ನ ಬೈಯ್ವಾಗ್ಲೂ ಗೊತ್ತಿತ್ತಾ?"

ವೀಣ ಅಲ್ಲೇ ಒದ್ದೆ ನೆಲದ ಮೇಲೆ ಕುಸಿದಳು. ಗಂಡ ಸತ್ತ ದಿನ ಬಾರದಿದ್ದ ಅಳು ಅವತ್ತು ಬಂತು. ದೊಡ್ಡಸಿದ್ದಯ್ಯ ಏನೂ ಅರ್ಥವಾಗದೆ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಹೋಗಿ ಕೊಂಡಿಯ ಮೇಲೆ ಬೂದಿ ಸುರಿದು, ಟ್ರ್ಯಾಕ್ಟರ್ ಇಲ್ಲೇ ಇರಲಿ, ನಾಳೆ ಬಾರಯ್ಯ ಎಂದು ಅವನನ್ನು ಬಸ್ಸು ಹತ್ತಿಸಿ ಬಂದೆ.

ಆಮೇಲೆ ಅವಳು ಬಾಗಿಲು ಹಾಕಿಕೊಂಡು ಮಲಗಿದಳು. ಅನ್ನ ಬೇಡ, ಮಾತು ಬೇಡ. ಹುಚ್ಚೀರಯ್ಯ ಹೊಸ್ತಿಲಲ್ಲೇ ಕೂತಿರುತ್ತಿದ್ದ. ಅವನು ಹೆದರಿದ್ದೇ ಆಯಿತಲ್ಲ ಎಂದು ನನಗೂ ಭಯ ಹುಟ್ಟಿತು. ಹೇಳು ಹೇಳು ಎಂದು ತಿವಿಯುತ್ತಿದ್ದ ನನ್ನ ಬಾಯಿಯ ಮೇಲೆ ನನಗೇ ಜಿಗುಪ್ಸೆ ಬಂತು. ದಿನಾ ಒಂದು ನೆಪ ಮಾಡಿಕೊಂಡು ಆತಗೂರಿಗೆ ಹೋಗಿ ಬರುತ್ತಿದ್ದೆ.

ಒಂದು ಬೆಳಗ್ಗೆ ನಾನು ಹೋದಾಗ ಅವಳು ತಲೆಗೆ ನೀರು ಹಾಕಿಕೊಂಡು, ಸೀರೆ ಉಟ್ಟು ಜಗುಲಿಯ ಮೇಲೆ ಕೂತಿದ್ದಳು. ಮುಖ ಇಳಿದುಹೋಗಿತ್ತು.

"ಅಣ್ಣ, ಕೊತ್ತತ್ತಿಗೆ ಬುಡ್ತೀಯಾ? ಅತ್ತೆಗೆ ಏಳ್ಬೇಕು."

"ಬ್ಯಾಡ ಕಣವ್ವ" ಎಂದು ಹುಚ್ಚೀರಯ್ಯ ಎದ್ದು ನಿಂತ. "ಅವ್ರು ನಿನ್ನ ಸುಮ್ಕೆ ಬುಡಾಕಿಲ್ಲ. ನನ್ಗೆ ಅಂದಿದ್ದು ಮುಗ್ದೋಗದೆ, ಬುಡು."

"ನಂಗೆ ಮುಗ್ದಿಲ್ಲ ಕಣಪ್ಪ. ನಾನು ನಿನ್ನ ಮಾಪ್ ಮಾಡಿದ್ದೆ ಗೊತ್ತಾ? ನಾನು! ನಿನ್ನ!"

ಅಷ್ಟು ಹೇಳಿ ಅವಳು ಆಟೋ ಹತ್ತಿದಳು. ಅವನೂ ಹತ್ತಿದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಎದುರಾಗುತ್ತಿದ್ದವು. ಒಂದೊಂದು ಬಂದಾಗಲೂ ಅಪ್ಪ ಮಗಳು ಇಬ್ಬರೂ ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಕೊತ್ತತ್ತಿಯಲ್ಲಿ ಹುಚ್ಚೀರಯ್ಯ ಇಳಿದವನು ಬೀದಿಯಲ್ಲೇ ನಿಂತ. ಅಳಿಯನ ತಿಥಿಯ ಊಟಕ್ಕೂ ಅವನನ್ನು ಆ ಮನೆ ಕರೆದಿರಲಿಲ್ಲ. ನಾನು ವೀಣಳ ಹಿಂದೆ ಜಗುಲಿಯವರೆಗೆ ಹೋದೆ. ಚಿಕ್ಕನಂಜಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತ ಕೂತಿದ್ದಳು. ಸೊಸೆಯನ್ನು ನೋಡಿ, "ಬಂದ್ಯವ್ವ" ಎಂದಳು. ಬೀದಿಯಲ್ಲಿದ್ದವನನ್ನು ನೋಡಿ ಮುಖ ಗಂಟು ಹಾಕಿದಳು.

ವೀಣ ಕೂರಲಿಲ್ಲ. ನಿಂತೇ ಹೇಳಿದಳು. ಉಕ್ಕಿನ ಗುಣ ಹೇಳಿದಳು, ಬೂದಿ ಯಾಕೆ ಹಾಕುತ್ತಾರೆ ಹೇಳಿದಳು. "ಅಪ್ಪನ ಬೆಸ್ಗೆ ಬುಟ್ಟಿರ್ನಿಲ್ಲ ಅತ್ತೆ. ಬೂದಿ ಎಳ್ದು ನೀರು ಉಯ್ದವ್ಳು ನಾನು. ಅವ್ರು ಸತ್ತಿದ್ದು ನನ್ ಕೈಯಿಂದ. ಅಪ್ಪುಂಗೆ ಗೊತ್ತಿತ್ತು, ಏಳ್ನಿಲ್ಲ. ನೀವು ಬೈಯ್ಬೇಕಾದ್ದು ನನ್ನ. ಬೈಯ್ರಿ."

ಮೊರ ನಿಂತಿತು. ಚಿಕ್ಕನಂಜಮ್ಮ ಎದ್ದು ಸೊಸೆಯ ಕೆನ್ನೆಗೆ ಬಾರಿಸುತ್ತಾಳೆ ಎಂದು ನಾನು ಜಗುಲಿಯಿಂದ ಒಂದು ಹೆಜ್ಜೆ ಮುಂದಿಟ್ಟೆ. ಅವಳು ಎದ್ದದ್ದು ನಿಜ. ಆದರೆ ಕೈ ಗೋಡೆಗೆ ಊರಿಕೊಂಡಳು.

"ನೀನು ಉಯ್ದೆ" ಎಂದಳು. "ಬಿಂದ್ಗೆ ತುಂಬ್ಕಂಡ್ ಬಂದು ನಿನ್ ಕೈಗೆ ಕೊಟ್ಟವ್ಳು ಯಾರವ್ವ? ನಾನಲ್ವಾ? ಇನ್ನೂ ಕಾದದೆ, ಇನ್ನೊಂದ್ ಬಿಂದ್ಗೆ ಉಯ್ಯಿ, ನನ್ ಮಗುಂಗೆ ಒತ್ತಾಯ್ತದೆ ಅಂದವ್ಳೂ ನಾನೇ ಅಲ್ವಾ?"

ವೀಣ ಬೆಚ್ಚಿ ತಲೆ ಎತ್ತಿದಳು. ತಾನೊಬ್ಬಳೇ ಎಂದು ಹಾಸಿಗೆ ಹಿಡಿದಿದ್ದವಳಿಗೆ ಆ ದಿನದ ಅಷ್ಟು ಭಾಗ ಮರೆತೇ ಹೋಗಿತ್ತು.

ಚಿಕ್ಕನಂಜಮ್ಮ ಅವಳನ್ನು ದಾಟಿ, ನನ್ನನ್ನು ದಾಟಿ, ಬೀದಿಗಿಳಿದಳು. ಹುಚ್ಚೀರಯ್ಯನ ಮುಂದೆ ಹೋಗಿ ನಿಂತಳು. ಆಚೀಚೆ ಮನೆಯ ಹೆಂಗಸರು ಜಗಳ ನೋಡಲು ಹೊರಗೆ ಬಂದರು.

"ಬೀಗ್ರೆ, ನೀರು ಒತ್ಕಂಡ್ ಬಂದವ್ಳು ನಾನು ಅಂತ್ಲೂ ನಿಮ್ಗೆ ಗೊತ್ತಿತ್ತಾ?"

"ಗೊತ್ತಿರ್ನಿಲ್ಲ ಕಣಮ್ಮ" ಎಂದ ಅವನು. "ಗೊತ್ತಿದ್ರೂ ಏಳ್ತಿರ್ನಿಲ್ಲ" ಎಂದ.

ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೆಗೆದಾಗ ಬೀದಿಗೆಲ್ಲ ಕೇಳಿಸುವಂತೆ, ಅವತ್ತು ಶಾಪ ಹಾಕಿದ್ದ ಅದೇ ಜೋರು ದನಿಯಲ್ಲಿ ಹೇಳಿದಳು.

"ಎತ್ತವ್ಳು ನಾನು, ಕಟ್ಕಂಡವ್ಳು ಇವ್ಳು, ನಾವಿಬ್ರೂ ಸೇರಿ ಮಾಡುದ್ನ ನೀವೊಬ್ರೇ ಒತ್ಕಂಡ್ ತಿರುಗುದ್ರಲ್ಲ ಬೀಗ್ರೆ. ಸಾಕು, ಇಳುಸ್ಬುಡಿ. ಒಳೀಕ್ ಬನ್ನಿ."

ಹುಚ್ಚೀರಯ್ಯನಿಗೆ ಹೆಜ್ಜೆ ಬರಲಿಲ್ಲ. ಮಸುಕು ಕಣ್ಣಿಗೆ ನೀರೂ ತುಂಬಿ ಅವನಿಗೆ ಬಾಗಿಲು ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ನಮ್ಮ ಕಡೆ ಬೀಗಿತ್ತಿ ಬೀಗರ ಕೈ ಮುಟ್ಟುವುದಿಲ್ಲ. ಚಿಕ್ಕನಂಜಮ್ಮ ಅಷ್ಟು ಜನ ನೋಡುತ್ತಿದ್ದ ಹಾಗೇ ಅವನ ಕೈ ಹಿಡಿದು, ಮೆಟ್ಟಿಲು ಹತ್ತಿಸಿ, ಹೊಸ್ತಿಲು ದಾಟಿಸಿ ಒಳಗೆ ಕರೆದುಕೊಂಡು ಹೋದಳು.